ಕ್ರೂಸ್ ಹಡಗಿನಲ್ಲಿ ನಿದ್ದೆ ಕೆಡಿಸುವುದು ಯಾವುದು: ಅಲೆಯೋ, ಸದ್ದೋ?

ಕ್ರೂಸ್ ಬುಕ್ ಮಾಡುವಾಗ ಎಲ್ಲರೂ ನೋಡುವುದು ಬೆಲೆ, ಬಾಲ್ಕನಿ, ಊಟ. ಕ್ಯಾಬಿನ್ ಹಡಗಿನ ಯಾವ ಭಾಗದಲ್ಲಿದೆ, ಅದರ ತಲೆಯ ಮೇಲೆ ಏನಿದೆ, ಕಾಲಕೆಳಗೆ ಏನಿದೆ ಎಂದು ಕೇಳುವವರು ಕಡಿಮೆ. ರಾತ್ರಿ ನಿದ್ದೆ ಬರುತ್ತದೋ ಇಲ್ಲವೋ ಎನ್ನುವುದು ಮಾತ್ರ ಅಲ್ಲೇ ತೀರ್ಮಾನವಾಗುತ್ತದೆ. ಮುಂಬೈಯಿಂದ ಗೋವಾ, ಲಕ್ಷದ್ವೀಪಕ್ಕೆ ಹೋಗುವವರಿಗೂ, ಸಿಂಗಪುರದಲ್ಲಿ ಹತ್ತುವವರಿಗೂ, ಅಮೆರಿಕದಲ್ಲಿರುವ ಮಕ್ಕಳ ಜೊತೆ ಅಲಾಸ್ಕಾಕ್ಕೆ ಹೋಗುವ ಅಪ್ಪ ಅಮ್ಮಂದಿರಿಗೂ ಈ ಮಾತು ಒಂದೇ.

ತೊಡಕು ಏನೆಂದರೆ, ಅಲುಗಾಟಕ್ಕೆ ಒಳ್ಳೆಯ ಜಾಗ ಮತ್ತು ಸದ್ದಿಗೆ ಒಳ್ಳೆಯ ಜಾಗ ಹೆಚ್ಚಾಗಿ ಬೇರೆ ಬೇರೆ. ಕೆಳಗಿನ ಡೆಕ್ ಅಲುಗುವುದು ಕಡಿಮೆ, ಆದರೆ ಯಂತ್ರಗಳು ಹತ್ತಿರ. ಮೇಲಿನ ಡೆಕ್ ಯಂತ್ರಗಳಿಂದ ದೂರ, ಆದರೆ ಜಾಸ್ತಿ ತೂಗುತ್ತದೆ. ಸಾಲದ್ದಕ್ಕೆ ಅದರ ಮೇಲೆಯೇ ಈಜುಕೊಳ, ಬಫೆ ಇರುತ್ತವೆ. ಎರಡನ್ನೂ ಒಟ್ಟಿಗೆ ಗೆಲ್ಲಬೇಕಾದರೆ ಹಡಗು ಹೇಗೆ ಅಲುಗುತ್ತದೆ, ಸದ್ದು ಹೇಗೆ ಹರಿಯುತ್ತದೆ ಎಂದು ಸ್ವಲ್ಪ ತಿಳಿದಿರಬೇಕು.

ಹಡಗು ಅಲುಗುವ ಬಗೆ

ಸಮುದ್ರದಲ್ಲಿ ಹಡಗು ಆರು ಬಗೆಯಲ್ಲಿ ಅಲುಗುತ್ತದೆ. ನಮ್ಮ ಹೊಟ್ಟೆಗೆ ಸಂಬಂಧಪಟ್ಟದ್ದು ಮೂರು. ಎಡಕ್ಕೂ ಬಲಕ್ಕೂ ವಾಲುವುದನ್ನು ನಾವಿಕರು ರೋಲ್ ಅನ್ನುತ್ತಾರೆ. ಮುಂಭಾಗ ಏರಿ ಹಿಂಭಾಗ ಇಳಿಯುವುದು, ಆಮೇಲೆ ಅದರ ತಿರುಗುಮುರುಗು, ಇದು ಪಿಚ್. ಇಡೀ ಹಡಗೇ ಮೇಲೆದ್ದು ಕೆಳಗಿಳಿಯುವುದು ಹೀವ್.

ಪಿಚ್ ಹೇಗೆ ಕಾಡುತ್ತದೆ ಎಂದು ಘಟ್ಟದ ರಸ್ತೆಯಲ್ಲಿ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತವರಿಗೆ ಬಿಡಿಸಿ ಹೇಳಬೇಕಿಲ್ಲ. ನಡುವೆ ಕೂತವರು ಅದೇ ಗುಂಡಿಯನ್ನು ಸುಮ್ನೆ ದಾಟುತ್ತಾರೆ, ಹಿಂದಿನವರು ಸೀಟಿನಿಂದ ಹಾರುತ್ತಾರೆ. ಲೆಕ್ಕವನ್ನೇ ನೋಡಿ. 300 ಮೀಟರ್ ಉದ್ದದ ಹಡಗು ಬರೀ ಒಂದು ಡಿಗ್ರಿ ಪಿಚ್ ಆದರೂ ತುದಿಯಲ್ಲಿರುವ ಕ್ಯಾಬಿನ್ ಸುಮಾರು 2.6 ಮೀಟರ್ ಏರುತ್ತದೆ, ಅಷ್ಟೇ ಇಳಿಯುತ್ತದೆ. ಹಡಗಿನ ನಡುವಿನಿಂದ 30 ಮೀಟರ್ ದೂರದಲ್ಲಿರುವ ಕ್ಯಾಬಿನ್ ಏರುವುದು ಅರ್ಧ ಮೀಟರ್ ಮಾತ್ರ. ಅದೇ ಹಡಗು, ಅದೇ ಅಲೆ, ಅದೇ ರಾತ್ರಿ. ವ್ಯತ್ಯಾಸ ಐದು ಪಟ್ಟು.

ರೋಲ್ ವಿಷಯದಲ್ಲಿ ಎತ್ತರ ಮುಖ್ಯ. ಹಡಗು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು ಹೆಚ್ಚುಕಡಿಮೆ ನೀರಿನ ಮಟ್ಟದ ಆಸುಪಾಸಿನಲ್ಲಿರುತ್ತದೆ. ಅದಕ್ಕಿಂತ 30 ಮೀಟರ್ ಮೇಲಿರುವ ಕ್ಯಾಬಿನ್ ಎರಡು ಡಿಗ್ರಿ ವಾಲಿದಾಗ ಒಂದು ಮೀಟರ್ ಪಕ್ಕಕ್ಕೆ ಹೋಗುತ್ತದೆ. ಮೇಲಿನ ಡೆಕ್‌ನ ಮುಂಭಾಗದಲ್ಲಿ, ಕ್ಯಾಪ್ಟನ್‌ಗೆ ಕಾಣುವಷ್ಟೇ ಚೆಂದದ ನೋಟವಿರುವ ದುಬಾರಿ ಕೋಣೆಗಳಿವೆಯಲ್ವಾ? ಪಿಚ್ ಮತ್ತು ರೋಲ್ ಎರಡೂ ಸೇರಿ ಜಾಸ್ತಿ ಕುಲುಕುವುದು ಅವುಗಳನ್ನೇ. ಜಾಸ್ತಿ ದುಡ್ಡು ಕೊಟ್ಟವರೇ ಜಾಸ್ತಿ ತೂಗಾಡುವುದು ಈ ಉದ್ಯಮದ ಒಂದು ತಮಾಷೆ.

ಎಷ್ಟು ಅಲುಗುತ್ತದೆ ಎನ್ನುವುದರ ಜೊತೆಗೆ ಎಷ್ಟು ಹೊತ್ತಿಗೊಮ್ಮೆ ಅಲುಗುತ್ತದೆ ಎನ್ನುವುದೂ ಮುಖ್ಯ. 1970ರ ದಶಕದ ಪ್ರಯೋಗಗಳಲ್ಲಿ ಮೇಲೆ ಕೆಳಗೆ ಚಲಿಸುವ ಕೋಣೆಯಲ್ಲಿ ಜನರನ್ನು ಕೂರಿಸಿ ನೋಡಿದರು. ಸುಮಾರು ಐದು ಸೆಕೆಂಡಿಗೊಂದು ಏರಿಳಿತವಾದಾಗ ಅತಿ ಹೆಚ್ಚು ಜನ ವಾಂತಿ ಮಾಡಿಕೊಂಡರು. ಅದಕ್ಕಿಂತ ತುಂಬಾ ನಿಧಾನವಾದರೂ, ತುಂಬಾ ಬೇಗವಾದರೂ ತೊಂದರೆ ಕಡಿಮೆ.

ಈ ಐದು ಸೆಕೆಂಡನ್ನು ಮನಸ್ಸಿನಲ್ಲಿಟ್ಟುಕೊಂಡರೆ ಕ್ಯಾಪ್ಟನ್ ಮಾಡುವ ಕೆಲಸ ಅರ್ಥವಾಗುತ್ತದೆ. ಆಳ ಸಮುದ್ರದಲ್ಲಿ ಹತ್ತು ಸೆಕೆಂಡಿಗೊಮ್ಮೆ ಬರುವ ಅಲೆಯ ಉದ್ದ ಸುಮಾರು 156 ಮೀಟರ್. ಅದು ಸೆಕೆಂಡಿಗೆ 15.6 ಮೀಟರ್ ಓಡುತ್ತದೆ. ನಿಂತ ಹಡಗಿಗೆ ಅದು ಹತ್ತು ಸೆಕೆಂಡಿಗೊಮ್ಮೆ ಸಿಗುತ್ತದೆ. ಆದರೆ ಹಡಗು 20 ನಾಟ್ (ಗಂಟೆಗೆ ಸುಮಾರು 37 ಕಿಲೋಮೀಟರ್) ವೇಗದಲ್ಲಿ ಅಲೆಗೆ ಎದುರಾಗಿ ಹೊರಟರೆ ಆರು ಸೆಕೆಂಡಿಗೊಮ್ಮೆ ಸಿಗುತ್ತದೆ. ಅಂದರೆ ಹೊಟ್ಟೆ ತೊಳಸುವ ಆ ಕೆಟ್ಟ ಲಯದ ಹತ್ತಿರಕ್ಕೆ ಬಂದುಬಿಟ್ಟೆವು. ವೇಗವನ್ನು 10 ನಾಟ್‌ಗೆ ಇಳಿಸಿದರೆ ಏಳೂವರೆ ಸೆಕೆಂಡ್. ಅದೇ ಅಲೆ ಹಿಂದಿನಿಂದ ಬರುವ ಹಾಗೆ ತಿರುಗಿ 20 ನಾಟ್‌ನಲ್ಲಿ ಸಾಗಿದರೆ ಹೆಚ್ಚುಕಡಿಮೆ ಅರ್ಧ ನಿಮಿಷಕ್ಕೊಮ್ಮೆ. ರಾತ್ರಿ ಹಡಗು ಇದ್ದಕ್ಕಿದ್ದಂತೆ ನಿಧಾನವಾಯಿತು, ಮರುದಿನ ಬಂದರಿಗೆ ತಡವಾಯಿತು ಎಂದು ಗೊಣಗುವ ಮೊದಲು ಈ ಲೆಕ್ಕ ನೆನಪಿರಲಿ.

ಹಡಗಿನ ಉದ್ದವೂ ಲೆಕ್ಕಕ್ಕೆ ಬರುತ್ತದೆ. 2024ರಲ್ಲಿ ಓಡಾಟ ಶುರು ಮಾಡಿದ ಐಕಾನ್ ಆಫ್ ದಿ ಸೀಸ್ 365 ಮೀಟರ್ ಉದ್ದವಿದೆ. ಮೇಲಿನ 156 ಮೀಟರ್ ಅಲೆಗಳಲ್ಲಿ ಎರಡಕ್ಕಿಂತ ಹೆಚ್ಚು ಅದರ ಅಡಿಯಲ್ಲಿ ಒಟ್ಟಿಗೆ ಹಿಡಿಸುತ್ತವೆ, ಒಂದರ ಏರು ಇನ್ನೊಂದರ ಇಳಿವನ್ನು ತಿಂದುಹಾಕುತ್ತದೆ. ಮುಂಬೈ, ಚೆನ್ನೈಗಳಿಂದ ಓಡಿರುವ ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ 1990ರಲ್ಲಿ ಕಟ್ಟಿದ್ದು, ಉದ್ದ ಸುಮಾರು 210 ಮೀಟರ್. ಅದೇ ಅಲೆ ಅದಕ್ಕೆ ಸ್ವಲ್ಪ ಹೆಚ್ಚೇ ಗೊತ್ತಾಗುತ್ತದೆ. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗುವ ಪ್ರಯಾಣಿಕ ಹಡಗುಗಳು ಇನ್ನೂ ಚಿಕ್ಕವು. ದೊಡ್ಡ ಕ್ರೂಸಿನ ಅನುಭವ ಇಟ್ಟುಕೊಂಡು ಅವುಗಳನ್ನು ಹತ್ತಿದರೆ ಲೆಕ್ಕ ತಪ್ಪುತ್ತದೆ.

ಅಲುಗಾಟ ನಿಲ್ಲಿಸಲು ಹೊರಟವರು

ಉಕ್ಕು ತಯಾರಿಕೆಯಲ್ಲಿ ಹೆಸರಾದ ಹೆನ್ರಿ ಬೆಸೆಮರ್‌ಗೆ ಸಮುದ್ರ ಅಂದರೆ ವಾಂತಿ. ಇಂಗ್ಲಿಷ್ ಕಾಲುವೆ ದಾಟಲು ಅವರು ಒಂದು ಹಡಗನ್ನೇ ಕಟ್ಟಿಸಿದರು. ಅದರೊಳಗಿನ ಸಲೂನು ಹಡಗಿಗೆ ಅಂಟಿರದೆ ತೂಗಾಡುವಂತಿತ್ತು. ಒಬ್ಬ ಮನುಷ್ಯ ರಸಮಟ್ಟ ನೋಡುತ್ತಾ ಹೈಡ್ರಾಲಿಕ್ ಯಂತ್ರದಿಂದ ಅದನ್ನು ನೆಟ್ಟಗೆ ಇಡಬೇಕಿತ್ತು. 1875ರಲ್ಲಿ ಆ ಹಡಗು ಕ್ಯಾಲೆ ಬಂದರಿನ ಕಟ್ಟೆಗೆ ಗುದ್ದಿತು, ಯೋಜನೆ ಅಲ್ಲಿಗೆ ಮುಗಿಯಿತು. 1932ರ ಇಟಲಿಯ ಕಾಂಟೆ ಡಿ ಸವೋಯಾ ಹಡಗಿನ ಹೊಟ್ಟೆಯಲ್ಲಿ ಮೂರು ಭಾರೀ ಗೈರೊಸ್ಕೋಪ್‌ಗಳನ್ನು, ಅಂದರೆ ರಭಸದಿಂದ ತಿರುಗುತ್ತಾ ವಾಲುವುದನ್ನು ತಡೆಯುವ ಚಕ್ರಗಳನ್ನು, ಕೂರಿಸಿದರು. ಆ ದಾರಿಯೂ ದೊಡ್ಡ ಹಡಗುಗಳಲ್ಲಿ ಮುಂದುವರಿಯಲಿಲ್ಲ.

ಕೊನೆಗೆ ಉಳಿದದ್ದು ಫಿನ್. ನೀರಿನ ಮಟ್ಟಕ್ಕಿಂತ ಕೆಳಗೆ, ಹಡಗಿನ ಎರಡೂ ಪಕ್ಕಗಳಿಂದ ವಿಮಾನದ ರೆಕ್ಕೆಯಂಥ ಹಲಗೆಗಳು ಹೊರಚಾಚುತ್ತವೆ. ಹಡಗು ಎಡಕ್ಕೆ ವಾಲಲು ಶುರುವಾದ ಕೂಡಲೇ ಅವು ಕೋನ ಬದಲಿಸಿ ಅದನ್ನು ಬಲಕ್ಕೆ ತಳ್ಳುತ್ತವೆ. ರೋಲ್‌ನ ಬಹುಪಾಲನ್ನು ಇವು ತಿಂದುಹಾಕುತ್ತವೆ. ಆದರೆ ನೀರು ರಭಸವಾಗಿ ಹರಿದರಷ್ಟೇ ಇವಕ್ಕೆ ಬಲ, ಹಾಗಾಗಿ ಹಡಗು ನಿಧಾನವಾದರೆ ಫಿನ್‌ಗಳೂ ಮಂಕಾಗುತ್ತವೆ. ಪಿಚ್‌ಗೆ ಇವು ಏನೂ ಮಾಡಲಾರವು. "ನಮ್ಮ ಹಡಗಿನಲ್ಲಿ ಸ್ಟೆಬಿಲೈಸರ್ ಇದೆ, ಏನೂ ಗೊತ್ತಾಗಲ್ಲ" ಎಂದು ಏಜೆಂಟರು ಹೇಳುವುದು ಅರ್ಧ ನಿಜ.

2019ರ ಮಾರ್ಚ್ 23ರಂದು ನಾರ್ವೆಯ ಹುಸ್ತಾದ್‌ವಿಕಾ ಎಂಬಲ್ಲಿ ವೈಕಿಂಗ್ ಸ್ಕೈ ಹಡಗಿನ ಎಂಜಿನ್‌ಗಳು ಬಿರುಗಾಳಿಯ ನಡುವೆ ನಿಂತುಹೋದವು. ಹಡಗು ಹೊಯ್ದಾಡುತ್ತಿದ್ದಾಗ ಎಣ್ಣೆ ತೊಟ್ಟಿಯಲ್ಲಿ ಲೂಬ್ರಿಕೇಟಿಂಗ್ ಆಯಿಲ್‌ನ ಮಟ್ಟ ಸಾಲದಾಗಿತ್ತು. ಹಡಗಿನಲ್ಲಿದ್ದವರು 1,373 ಜನ. ಅವರಲ್ಲಿ ನಾನೂರಕ್ಕೂ ಹೆಚ್ಚು ಜನರನ್ನು ಹೆಲಿಕಾಪ್ಟರ್‌ನಲ್ಲಿ ಎತ್ತಬೇಕಾಯಿತು. ಕುರ್ಚಿ, ಮೇಜು ಜನರ ಮೇಲೆ ಜಾರಿಬರುವ ವಿಡಿಯೊಗಳನ್ನು ತುಂಬಾ ಜನ ನೋಡಿದ್ದಾರೆ. ಇಂಥದ್ದು ಅಪರೂಪ. ನಾಲ್ಕೈದು ಮೀಟರ್ ಅಲೆಯಲ್ಲಿ ಈಜುಕೊಳ ಖಾಲಿ ಮಾಡಿ, ಹೊರಗಿನ ಡೆಕ್ ಮುಚ್ಚಿ, ಲಿಫ್ಟ್ ಪಕ್ಕ ವಾಂತಿ ಚೀಲ ಇಟ್ಟರೆ ಅದು ಹಡಗಿನವರಿಗೆ ಮಾಮೂಲಿ ದಿನ. ಆಗ ನೀವು ಮಾಡಬೇಕಾದ್ದು ಒಂದೇ: ನಡೆಯುವಾಗ ಒಂದು ಕೈ ಸದಾ ಕಂಬಿಯ ಮೇಲೆ. ಕ್ರೂಸಿನಲ್ಲಿ ಒರಟು ಸಮುದ್ರ ಎಂದರೆ ಮುಳುಗುವ ಭಯ ಬೇಡ, ಬೀಳುವ ಭಯ ಇರಲಿ. ಅದರಲ್ಲೂ ವಯಸ್ಸಾದವರಿಗೆ.

ಹೊಟ್ಟೆಯ ಮಾತು

ಒಳಕಿವಿಯಲ್ಲಿ ನಮ್ಮ ಸಮತೋಲ ನೋಡಿಕೊಳ್ಳುವ ಅಂಗವಿದೆ. ಕಿಟಕಿಯಿಲ್ಲದ ಕ್ಯಾಬಿನ್‌ನಲ್ಲಿ ಅದು "ಅಲುಗುತ್ತಿದ್ದೇವೆ" ಅನ್ನುತ್ತದೆ. ಕಣ್ಣು "ಗೋಡೆ ನಿಂತೇ ಇದೆ" ಅನ್ನುತ್ತದೆ. ಈ ಜಗಳದ ಫಲವೇ ತಲೆಸುತ್ತು, ವಾಂತಿ. ಇದಕ್ಕೆ ಒಂದು ಒಳ್ಳೆಯ ಸಾಕ್ಷಿ ಇದೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆ ಮತ್ತು ನಾಸಾ ಬಾಹ್ಯಾಕಾಶ ಯಾನದ ತಯಾರಿಗಾಗಿ ಗ್ಯಾಲೊಡೆಟ್ ಕಾಲೇಜಿನ ಹನ್ನೊಂದು ಕಿವುಡ ಪುರುಷರನ್ನು ಆರಿಸಿಕೊಂಡವು. ಅವರಲ್ಲಿ ಹತ್ತು ಮಂದಿಗೆ ಚಿಕ್ಕಂದಿನ ಮೆನಿಂಜೈಟಿಸ್‌ನಿಂದ ಒಳಕಿವಿಯೇ ಹಾಳಾಗಿತ್ತು. ನೋವಾ ಸ್ಕೋಷಿಯಾದ ಒರಟು ಸಮುದ್ರದಲ್ಲಿ ಅವರನ್ನು ಹಡಗಿನಲ್ಲಿ ಕರೆದೊಯ್ದಾಗ ಅವರು ಆರಾಮಾಗಿ ಇಸ್ಪೀಟು ಆಡುತ್ತಿದ್ದರು. ಪರೀಕ್ಷೆ ಮಾಡಬೇಕಿದ್ದವರಿಗೇ ಕಾಯಿಲೆ ಜಾಸ್ತಿಯಾಗಿ ಪ್ರಯೋಗ ನಿಲ್ಲಿಸಬೇಕಾಯಿತು.

ಸಮುದ್ರ ಕಾಯಿಲೆ ಧೈರ್ಯದ ವಿಷಯ ಅಲ್ಲ. ಬ್ರಿಟಿಷ್ ನೌಕಾಪಡೆಯ ನೆಲ್ಸನ್‌ಗೆ ಅದು ಬಿಡಲೇ ಇಲ್ಲ. ಬೀಗಲ್ ಹಡಗಿನಲ್ಲಿ ಐದು ವರ್ಷ ಸುತ್ತಿದ ಡಾರ್ವಿನ್ ಕೂಡ ನರಳಿದರು.

ಚಾರ್ಮಾಡಿ, ಆಗುಂಬೆ ಘಾಟಿಯಲ್ಲಿ ವಾಂತಿ ಬರುವವರು ಹಡಗಿಗೂ ತಯಾರಾಗಿ ಹೋಗಬೇಕು. ನಮ್ಮಲ್ಲಿ ಮನೆಮಾತಾದ ಅವೊಮಿನ್ ಮಾತ್ರೆಯಲ್ಲಿರುವ ಪ್ರೊಮೆಥಜಿನ್ ಇಲ್ಲೂ ಕೆಲಸ ಮಾಡುತ್ತದೆ. ಆದರೆ ಅದನ್ನು ಹೊಟ್ಟೆ ತೊಳಸುವ ಮೊದಲೇ ತೆಗೆದುಕೊಳ್ಳಬೇಕು. ಒಮ್ಮೆ ವಾಂತಿ ಶುರುವಾದರೆ ಹೊಟ್ಟೆ ಮಾತ್ರೆಯನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಅದು ಚೆನ್ನಾಗಿ ನಿದ್ದೆ ತರುತ್ತದೆ, ಮದ್ಯದ ಜೊತೆ ಬೇಡ. ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು. ಹೊರದೇಶಗಳಲ್ಲಿ ಕಿವಿಯ ಹಿಂದೆ ಅಂಟಿಸುವ ಸ್ಕೋಪೊಲಮಿನ್ ಪಟ್ಟಿ ಜನಪ್ರಿಯ. ಒಂದು ಪಟ್ಟಿ ಮೂರು ದಿನ ಬರುತ್ತದೆ, ಕೆಲವು ಗಂಟೆ ಮೊದಲೇ ಹಚ್ಚಿಕೊಳ್ಳಬೇಕು. ಗ್ಲಾಕೋಮಾ ಇರುವವರು, ಪ್ರಾಸ್ಟೇಟ್ ತೊಂದರೆಯ ಹಿರಿಯರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಹಡಗಿನವರು ಹಸಿರು ಸೇಬು, ಬಿಸ್ಕತ್ತು ಕೊಡುತ್ತಾರೆ. ಶುಂಠಿಯಿಂದ ಕೆಲವರಿಗೆ ಹಿತವಾಗುತ್ತದೆ. ತಿಂದರೆ ನಷ್ಟವಿಲ್ಲ, ಆದರೆ ಅದನ್ನೇ ನಂಬಿ ಮಾತ್ರೆ ಬಿಟ್ಟು ಹೋಗಬೇಡಿ. ಹೊಟ್ಟೆ ಪೂರ್ತಿ ಖಾಲಿ ಇದ್ದರೂ ಕಷ್ಟ.

ಹಾಸಿಗೆಯಲ್ಲಿ ಕಣ್ಣು ಮುಚ್ಚಿ ಅಂಗಾತ ಮಲಗಿದರೆ ಕಿವಿ ಕಣ್ಣಿನ ಜಗಳ ತಣ್ಣಗಾಗುತ್ತದೆ. ಎದ್ದಿರುವಾಗ ಹಡಗಿನ ನಡುಭಾಗಕ್ಕೆ ಹೋಗಿ ದಿಗಂತ ನೋಡುವುದು ಒಳ್ಳೆಯದು. ಮೊಬೈಲ್ ನೋಡುವುದು ಅತಿ ಕೆಟ್ಟದ್ದು. ಹೆಚ್ಚಿನವರ ದೇಹ ಎರಡು ಮೂರು ದಿನದಲ್ಲಿ ಹೊಂದಿಕೊಳ್ಳುತ್ತದೆ. ನಮ್ಮ ಕರಾವಳಿಯ ಎರಡು ರಾತ್ರಿ, ಮೂರು ರಾತ್ರಿಯ ಪ್ಯಾಕೇಜುಗಳ ಸಂಕಟ ಇದೇ. ದೇಹ ಹೊಂದಿಕೊಳ್ಳುವಷ್ಟರಲ್ಲಿ ಇಳಿಯುವ ಹೊತ್ತು ಬಂದಿರುತ್ತದೆ.

ಸದ್ದು

ಸದ್ದಿನಲ್ಲಿ ಎರಡು ಜಾತಿ. ಒಂದು ಗಾಳಿಯಲ್ಲಿ ಬರುವುದು: ಪಕ್ಕದ ಕೋಣೆಯ ಮಾತು, ಕಾರಿಡಾರಿನ ಕೂಗಾಟ, ಟಿವಿ. ಇನ್ನೊಂದು ಉಕ್ಕಿನಲ್ಲಿ ಬರುವುದು: ಎಂಜಿನ್ನಿನ ಗುಂಯ್ ಎನ್ನುವ ಕಂಪನ, ಮೇಲಿನ ಡೆಕ್ಕಿನಲ್ಲಿ ಕುರ್ಚಿ ಎಳೆಯುವುದು, ನೈಟ್ ಕ್ಲಬ್ಬಿನ ಬೇಸ್. ಮೊದಲನೆಯದಕ್ಕೆ ಇಯರ್‌ಪ್ಲಗ್ ಚೆನ್ನಾಗಿ ಕೆಲಸ ಮಾಡುತ್ತದೆ. ಎರಡನೆಯದು ಮಂಚ, ದಿಂಬಿನ ಮೂಲಕ ಮೈಗೇ ಬರುತ್ತದೆ, ಪ್ಲಗ್ ಹಾಕಿದರೂ ಪೂರ್ತಿ ಹೋಗುವುದಿಲ್ಲ. ಹಾಗಾಗಿ ಎರಡನೆಯದನ್ನು ಬುಕ್ ಮಾಡುವಾಗಲೇ ತಪ್ಪಿಸಬೇಕು. ಹತ್ತಿದ ಮೇಲೆ ಉಪಾಯವಿಲ್ಲ.

2014ರ ಜುಲೈ 1ರಿಂದ ಜಾರಿಯಾದ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಹೊಸ ದೊಡ್ಡ ಹಡಗುಗಳ ಸಿಬ್ಬಂದಿ ಕೋಣೆಯಲ್ಲಿ ಸದ್ದು 55 ಡೆಸಿಬೆಲ್ ಮೀರಬಾರದು. ಪ್ರಯಾಣಿಕರ ಕ್ಯಾಬಿನ್‌ಗೆ ಆ ಮಿತಿ ಅನ್ವಯಿಸುವುದಿಲ್ಲ, ಅಲ್ಲಿ ಕಂಪನಿಗಳು ತಾವೇ ಒಪ್ಪಿಕೊಂಡ ಗುಣಮಟ್ಟ. ಹೋಲಿಸಿ ನೋಡಲು, ಮಲಗುವ ಕೋಣೆಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವುದು 30 ಡೆಸಿಬೆಲ್. ಹತ್ತು ಡೆಸಿಬೆಲ್ ಏರಿದರೆ ಕಿವಿಗೆ ಸದ್ದು ಸುಮಾರು ಎರಡು ಪಟ್ಟಾದಂತೆ ಅನಿಸುತ್ತದೆ. ಮನೆಯ ಮೌನವನ್ನು ಹಡಗಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ.

ಎಂಜಿನ್ ಸದ್ದು ಈಗ ಅಷ್ಟು ದೊಡ್ಡ ಖಳನಲ್ಲ. ಎಂಜಿನ್‌ಗಳನ್ನು ಕಂಪನ ನುಂಗುವ ರಬ್ಬರ್ ಆಧಾರಗಳ ಮೇಲೆ ಕೂರಿಸಿರುತ್ತಾರೆ. 1998ರ ಕಾರ್ನಿವಲ್ ಎಲೇಷನ್‌ನಿಂದ ಶುರುವಾಗಿ ಬಹಳಷ್ಟು ಕ್ರೂಸ್ ಹಡಗುಗಳಿಗೆ ಅಜಿಪಾಡ್ ಬಂದಿದೆ. ಮೋಟಾರ್ ಮತ್ತು ಪ್ರೊಪೆಲ್ಲರ್ ಎರಡೂ ಹಡಗಿನ ಹೊರಗೆ, ನೀರಿನಲ್ಲಿ ನೇತಾಡುವ ವ್ಯವಸ್ಥೆ ಅದು. ಇದರಿಂದ ಹಿಂಭಾಗದ ನಡುಕ ಕಡಿಮೆಯಾಯಿತು. ಹಳೆಯ ಹಡಗಿನ ಹಿಂತುದಿಯ ಕೆಳಗಿನ ಕ್ಯಾಬಿನ್‌ಗಳಲ್ಲಿ ಮಾತ್ರ ಲೋಟ ಅದುರುವಷ್ಟು ಕಂಪನ ಈಗಲೂ ಸಿಗಬಹುದು.

ನಿಜವಾದ ಖಳ ಮುಂಭಾಗದ ಥ್ರಸ್ಟರ್. ಬಂದರಿನಲ್ಲಿ ಹಡಗನ್ನು ಪಕ್ಕಕ್ಕೆ ಸರಿಸಲು ಮೂತಿಯ ಬಳಿ, ನೀರಿನೊಳಗೆ, ಅಡ್ಡ ಸುರಂಗಗಳಲ್ಲಿ ಫ್ಯಾನುಗಳಿರುತ್ತವೆ. ಅವು ಶುರುವಾದರೆ ಮುಂಭಾಗದ ಕೆಳಗಿನ ಡೆಕ್ಕುಗಳಲ್ಲಿ ಗೋಡೆಯೇ ಗೊರಗುಟ್ಟುತ್ತದೆ. ಹಡಗು ಬಂದರು ಸೇರುವುದು ಹೆಚ್ಚಾಗಿ ಬೆಳಗಿನ ಜಾವ. ದಿನಕ್ಕೊಂದು ಬಂದರಿನ ಮೆಡಿಟರೇನಿಯನ್ ಪ್ರವಾಸದಲ್ಲಿ ಇದು ದಿನಾ ಬೆಳಗಿನ ಅಲಾರಂ. ದೋಣಿಯಲ್ಲಿ ದಡಕ್ಕೆ ಹೋಗುವ ಕಡೆಗಳಲ್ಲಿ ಅದರ ಜೊತೆ ಲಂಗರಿನ ಸರಪಳಿಯ ಸದ್ದೂ ಸೇರುತ್ತದೆ.

ಒರಟು ಸಮುದ್ರದ ರಾತ್ರಿ ಕೇಳುವ ಸದ್ದುಗಳೇ ಬೇರೆ. ಕಿರ್ ಕಿರ್ ಎಂದು ಗೋಡೆ, ಚಾವಣಿ ಉಜ್ಜುತ್ತವೆ. ಕ್ಯಾಬಿನ್‌ಗಳನ್ನು ಹೊರಗೆ ಪೆಟ್ಟಿಗೆಯಂತೆ ತಯಾರಿಸಿ ಹಡಗಿನೊಳಗೆ ಜೋಡಿಸಿರುತ್ತಾರೆ. ಅಲೆಗೆ ಹಡಗಿನ ಮೈ ಸ್ವಲ್ಪ ಬಾಗುತ್ತದೆ, ಆಗ ಜೋಡಣೆಗಳು ಕಿರುಗುಟ್ಟುತ್ತವೆ. ಬಾಗುವಂತೆಯೇ ಅದನ್ನು ಕಟ್ಟಿರುವುದು, ಬಾಗದಿದ್ದರೆ ಮುರಿಯುತ್ತಿತ್ತು. ನಡುನಡುವೆ ಧಡ್ ಎಂದು ಹೊಡೆತ ಬಿದ್ದು ಹಡಗೆಲ್ಲ ನಡುಗಿದರೆ, ಮೂತಿ ಎದ್ದು ಅಲೆಯ ಮೇಲೆ ಬಿತ್ತು ಎಂದು ಅರ್ಥ. ಚಪ್ಪಟೆ ಹಿಂಭಾಗದ ಹಡಗುಗಳಲ್ಲಿ ಹಿಂದಿನಿಂದಲೂ ಇಂಥ ಹೊಡೆತ ಬೀಳುತ್ತದೆ.

ಕಿರುಗುಟ್ಟುವುದಕ್ಕೆ ಮದ್ದಿದೆ. ಸದ್ದು ಬರುವ ಸಂದಿಯನ್ನು ಕೈಯಿಂದ ಒತ್ತಿ ಹುಡುಕಿ, ಅಲ್ಲಿ ಮಡಿಸಿದ ರಟ್ಟು ತುರುಕಿ. ಬೀರುವಿನ ಹ್ಯಾಂಗರ್‌ಗಳನ್ನು ಟವೆಲ್ಲಿನಲ್ಲಿ ಸುತ್ತಿ. ಡ್ರಾಯರ್‌ನೊಳಗೆ ಉರುಳುವ ಬಾಟಲಿಗಳನ್ನು ಬಟ್ಟೆಯ ನಡುವೆ ಇಡಿ. ಬಾಲ್ಕನಿ ಬಾಗಿಲು ಪೂರ್ತಿ ಮುಚ್ಚದಿದ್ದರೆ ಗಾಳಿ ಶಿಳ್ಳೆ ಹಾಕುತ್ತದೆ, ಚಿಲಕ ನೋಡಿ. ಆಗಲೂ ಸದ್ದು ಹೋಗದಿದ್ದರೆ ರಿಸೆಪ್ಷನ್‌ಗೆ ಹೇಳಿದರೆ ಬಡಗಿಯನ್ನು ಕಳಿಸುತ್ತಾರೆ. ಕ್ಯಾಬಿನ್ ಬದಲಿಸಿಕೊಡಿ ಎಂದು ಕೇಳುವುದಾದರೆ ಮೊದಲ ದಿನವೇ ಕೇಳಿ. ಹಡಗು ತುಂಬಿದ್ದರೆ ಅದೂ ಆಗದು.

ಇನ್ನು ಗಾಳಿಯಲ್ಲಿ ಬರುವ ಸದ್ದು. ವೀಕೆಂಡ್ ಕ್ರೂಸಿನಲ್ಲಿ ನಾಲ್ಕು ಕ್ಯಾಬಿನ್‌ಗಳ ಬಾಗಿಲು ತೆರೆದಿಟ್ಟು ರಾತ್ರಿ ಒಂದು ಗಂಟೆಗೆ ಕಾರಿಡಾರಿನಲ್ಲಿ ಅಂತ್ಯಾಕ್ಷರಿ ಆಡುವ ದೊಡ್ಡ ಕುಟುಂಬಕ್ಕೆ ಯಾವ ತಂತ್ರಜ್ಞಾನದಲ್ಲೂ ಪರಿಹಾರವಿಲ್ಲ. ಇಯರ್‌ಪ್ಲಗ್ ಇರಲಿ. ಮಳೆ ಸದ್ದಿನ ಆಡಿಯೊ ಒಂದನ್ನು ಮನೆಯಲ್ಲೇ ಫೋನಿಗೆ ಇಳಿಸಿಕೊಳ್ಳಿ. ಹಡಗಿನಲ್ಲಿ ಇಂಟರ್‌ನೆಟ್ ದುಬಾರಿ.

ಹಾಗಾದರೆ ಯಾವ ಕ್ಯಾಬಿನ್?

ಹಡಗಿನ ಉದ್ದದ ನಡುಭಾಗ. ತೀರಾ ಕೆಳಗೂ ಅಲ್ಲ, ತೀರಾ ಮೇಲೂ ಅಲ್ಲದ ಡೆಕ್. ಎಲ್ಲಕ್ಕಿಂತ ಮುಖ್ಯವಾಗಿ, ಮೇಲೆಯೂ ಕೆಳಗೆಯೂ ಬರೀ ಕ್ಯಾಬಿನ್‌ಗಳೇ ಇರಬೇಕು. ಕಂಪನಿಯ ವೆಬ್‌ಸೈಟಿನಲ್ಲಿ ಡೆಕ್ ನಕ್ಷೆ ಸಿಗುತ್ತದೆ. ನಿಮ್ಮ ಡೆಕ್ ಜೊತೆ ಅದರ ಮೇಲಿನದನ್ನೂ ಕೆಳಗಿನದನ್ನೂ ತೆರೆದು, ಒಂದರ ಮೇಲೊಂದು ಇಟ್ಟಂತೆ ನೋಡಿ. ಮೇಲೆ ಬಫೆ ಇದ್ದರೆ ಬೆಳಗಿನ ಜಾವವೇ ಕುರ್ಚಿ, ಟ್ರಾಲಿ ಶುರು. ಕೆಳಗೆ ಥಿಯೇಟರ್ ಇದ್ದರೆ ರಾತ್ರಿ ತಡವಾಗಿ ಡ್ರಮ್ಮು. ನಕ್ಷೆಯಲ್ಲಿ ಹೆಸರಿಲ್ಲದ ಖಾಲಿ ಬಿಳಿ ಜಾಗ ಕಂಡರೆ ಅದು ಅಡುಗೆಮನೆಯೋ ಸಿಬ್ಬಂದಿಯ ಉಗ್ರಾಣವೋ ಇರಬಹುದು, ದೂರವಿರಿ. ಲಿಫ್ಟಿನ ಪಕ್ಕ ಬೇಡ. ಎರಡು ಕೋಣೆಗಳ ನಡುವೆ ಒಳಬಾಗಿಲಿರುವ ಕ್ಯಾಬಿನ್ ಬೇಡವೇ ಬೇಡ. ಆ ಬಾಗಿಲಿನಿಂದ ಪಕ್ಕದವರ ಮಾತೆಲ್ಲ ಕೇಳುತ್ತದೆ.

"ಗ್ಯಾರಂಟಿ" ಎಂಬ ಅಗ್ಗದ ಟಿಕೆಟ್ ತೆಗೆದುಕೊಂಡರೆ ಕ್ಯಾಬಿನ್ ಯಾವುದೆಂದು ಕಂಪನಿಯೇ ನಿರ್ಧರಿಸುತ್ತದೆ. ಬೇರೆಯವರು ಬಿಟ್ಟ ಕೋಣೆ ನಿಮಗೆ ಬರುವ ಸಾಧ್ಯತೆ ಜಾಸ್ತಿ. ನಿದ್ದೆ ಸುಲಭವಾಗಿ ಬರುವವರಿಗೆ ಅದು ಲಾಭ, ಉಳಿದವರು ಹತ್ತಿರ ಸುಳಿಯಬಾರದು. ಅಲುಗಾಟ, ಸದ್ದು ಎರಡರಲ್ಲಿ ಒಂದನ್ನೇ ಆರಿಸಬೇಕಾಗಿ ಬಂದರೆ ನಾನು ಅಲುಗಾಟ ಕಡಿಮೆ ಇರುವುದನ್ನೇ ಆರಿಸುತ್ತೇನೆ. ಸದ್ದಿಗೆ ಇಯರ್‌ಪ್ಲಗ್ ಇದೆ, ಪಿಚ್‌ಗೆ ಇಲ್ಲ.

ಕ್ಯಾಬಿನ್‌ಗಿಂತ ದೊಡ್ಡ ಆಯ್ಕೆ ತಿಂಗಳಿನದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರ ಒರಟು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ ಇರುವ ಕಾಲ ಅದು. 2023ರ ಜೂನ್‌ನಲ್ಲಿ ಎಂಪ್ರೆಸ್ ಚೆನ್ನೈಯಿಂದ ಶ್ರೀಲಂಕಾಕ್ಕೆ ಓಡಾಟ ಶುರು ಮಾಡಿತು. ಆ ತಿಂಗಳುಗಳಲ್ಲಿ ನೈರುತ್ಯದ ಗಾಳಿಗೆ ನೆಲವೇ ಅಡ್ಡವಿರುವುದರಿಂದ ಪೂರ್ವ ಕರಾವಳಿ ಅಷ್ಟು ಕೆರಳಿರುವುದಿಲ್ಲ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಲೆಕ್ಕ ತಿರುಗುತ್ತದೆ, ಬಂಗಾಳ ಕೊಲ್ಲಿಗೆ ಚಂಡಮಾರುತದ ಕಾಲ. ಹೊರಡುವ ನಾಲ್ಕೈದು ದಿನ ಮೊದಲು ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಕೊಡುವ ಸಮುದ್ರದ ಮುನ್ಸೂಚನೆ ನೋಡಿ. ಅಲೆಯ ಎತ್ತರ ಮಾತ್ರ ಸಾಲದು, ಎಷ್ಟು ಸೆಕೆಂಡಿಗೊಂದು ಅಲೆ ಎನ್ನುವುದನ್ನೂ ನೋಡಿ. ಎರಡೂವರೆ ಮೀಟರ್ ದಾಟಿದರೆ ಅದು ಒರಟು ಸಮುದ್ರ, ಮಾತ್ರೆ ಕೈಚೀಲದಲ್ಲೇ ಇರಲಿ.

ಇಳಿದು ಮನೆಗೆ ಬಂದ ಮೇಲೂ ಸ್ನಾನದಮನೆಯ ನೆಲ ತೂಗಿದಂತೆ ಅನಿಸಿದರೆ ಗಾಬರಿ ಬೇಡ, ಒಂದೆರಡು ದಿನದಲ್ಲಿ ಹೋಗುತ್ತದೆ. ವಾರಗಟ್ಟಲೆ ಉಳಿದರೆ ಮಾತ್ರ ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸಿ, ಹಡಗಿನಲ್ಲಿ ಹೋಗಿಬಂದದ್ದನ್ನು ಅವರಿಗೆ ಮೊದಲೇ ಹೇಳಿ.